ಪುಟ್ಟ ಹಳಿಗೆ ಹಾಸುವ ಜಲ್ಲಿ

ಹಲಗೆಯ ಮೇಲೆ ಹಳಿ, ನಿಲ್ದಾಣ, ಸೇತುವೆ, ಗುಡ್ಡಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಕಟ್ಟಿದ ದೃಶ್ಯವನ್ನು ಮಾದರಿ ರೈಲಿನ ಹವ್ಯಾಸಿಗಳು ಲೇಔಟ್ ಎಂದು ಕರೆಯುತ್ತಾರೆ. ಇಂಥ ಲೇಔಟಿನಲ್ಲಿ ಓಡುವ ಎಂಜಿನ್ನು, ಬೋಗಿಗಳನ್ನು ತಯಾರಕರು ರಿವೆಟ್ಟಿನ ತಲೆಗಳವರೆಗೆ ನಿಖರವಾಗಿ ಮಾಡಿಕೊಡುವುದರಿಂದ ಹವ್ಯಾಸಿಯ ಸ್ವಂತ ವಿವೇಚನೆಗೆ ಉಳಿಯುವುದು ಹೆಚ್ಚಾಗಿ ನೆಲದ ಕೆಲಸ. ಆ ನೆಲದಲ್ಲಿಯೂ ರೈಲಿಗೆ ತೀರ ಹತ್ತಿರವಿದ್ದು, ರೈಲನ್ನು ನೋಡಿದಾಗಲೆಲ್ಲ ಕಣ್ಣಿಗೆ ಬೀಳುವುದು ಹಳಿಯ ಕೆಳಗಿನ ಜಲ್ಲಿ. ಅಂಗಡಿಯ ಪೊಟ್ಟಣಗಳ ಮೇಲೆ ಸಣ್ಣ, ಮಧ್ಯಮ, ದಪ್ಪ ಎಂಬ ಮೂರು ಗುರುತುಗಳಿರುತ್ತವೆ, ಬೂದು, ಕಂದು, ಕಪ್ಪು ಎಂಬ ಬಣ್ಣಗಳಿರುತ್ತವೆ. ಆದರೆ ಯಾವ ರೈಲ್ವೆ, ಯಾವ ಕಾಲ, ಮುಖ್ಯ ಮಾರ್ಗವೋ ಪಕ್ಕದ ಸೈಡಿಂಗೋ ಎಂಬುದು ನಿಶ್ಚಯವಾಗದೆ ಆ ಪೊಟ್ಟಣಗಳಲ್ಲಿ ಯಾವುದು ಸರಿ ಎಂದು ಹೇಳಲು ಬರುವುದಿಲ್ಲ.

ನಿಜವಾದ ರೈಲುಮಾರ್ಗದಲ್ಲಿ ಬ್ಯಾಲಸ್ಟ್ ಅಥವಾ ಜಲ್ಲಿ ಎಂದರೆ ಸ್ಲೀಪರುಗಳ, ಅಂದರೆ ಹಳಿಗಳನ್ನು ಅಡ್ಡಲಾಗಿ ಹೊತ್ತ ಮರದ ಇಲ್ಲವೆ ಕಾಂಕ್ರೀಟಿನ ತೊಲೆಗಳ, ಅಡಿಯಲ್ಲಿಯೂ ನಡುವೆಯೂ ತುಂಬಿದ ಒಡೆದ ಕಲ್ಲು. ಗಾಡಿಯ ಭಾರವನ್ನು ಕೆಳಗಿನ ಮಣ್ಣಿಗೆ ಹರಡುವುದು, ಹಳಿ ಅತ್ತಿತ್ತ ಜರುಗದಂತೆ ಹಿಡಿಯುವುದು, ಮಳೆನೀರನ್ನು ನಿಲ್ಲಗೊಡದೆ ಬಸಿದುಬಿಡುವುದು ಅದರ ಕೆಲಸಗಳು. ಚೂಪು ಮೂಲೆಗಳು ಒಂದನ್ನೊಂದು ಕಚ್ಚಿ ಹಿಡಿದಾಗ ಮಾತ್ರ ಈ ಕೆಲಸ ಚೆನ್ನಾಗಿ ನಡೆಯುವುದರಿಂದ ಹೊಳೆಯ ಉರುಟು ಕಲ್ಲಿಗಿಂತ ಕ್ವಾರಿಯಲ್ಲಿ ಒಡೆದ ಕಲ್ಲಿಗೆ ಹೆಚ್ಚಿನ ಬೆಲೆ. ಭಾರತೀಯ ರೈಲ್ವೆಯ ನಿಯಮದ ಪ್ರಕಾರ ಈ ಕಲ್ಲನ್ನು ಜರಡಿ ಹಿಡಿದಾಗ 65 ಮಿ.ಮೀ. ಕಣ್ಣಿನ ಜರಡಿಯ ಮೇಲೆ ಶೇ 5ಕ್ಕಿಂತ ಹೆಚ್ಚು ಉಳಿಯಬಾರದು, 40 ಮಿ.ಮೀ. ಜರಡಿಯ ಮೇಲೆ ಶೇ 40ರಿಂದ 60ರಷ್ಟು ಉಳಿಯಬೇಕು, 20 ಮಿ.ಮೀ. ಜರಡಿಯಿಂದ ಕೆಳಗೆ ಬೀಳುವ ಪುಡಿ ಶೇ 2ನ್ನು ಮೀರಬಾರದು. ಬೇರೆ ದೇಶಗಳ ಅಂಕಿಗಳು ತುಸು ಆಚೀಚೆ ಇದ್ದರೂ ಎರಡು ಸಂಗತಿಗಳು ಎಲ್ಲೆಡೆ ಒಂದೇ: ಮುಖ್ಯ ಮಾರ್ಗದ ಕಲ್ಲು ಅಂಗೈಯಲ್ಲಿ ಹಿಡಿಯಬಹುದಾದಷ್ಟೇ ದೊಡ್ಡದು, ಮತ್ತು ಅದು ಒಂದೇ ಗಾತ್ರದ್ದಲ್ಲ, ಹಲವು ಗಾತ್ರಗಳ ಮಿಶ್ರಣ.

ಈ ಕಲ್ಲನ್ನು ಮಾದರಿಗೆ ಇಳಿಸುವುದು ಭಾಗಾಕಾರದ ಲೆಕ್ಕ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಪ್ರಮಾಣದಲ್ಲಿ ಎಲ್ಲವೂ ನಿಜದ 87ನೇ ಒಂದು ಭಾಗ. ಆದ್ದರಿಂದ 65 ಮಿ.ಮೀ. ಕಲ್ಲು ಅಲ್ಲಿ 0.75 ಮಿ.ಮೀ., 40 ಮಿ.ಮೀ. ಕಲ್ಲು 0.46 ಮಿ.ಮೀ., 20 ಮಿ.ಮೀ. ಕಲ್ಲು 0.23 ಮಿ.ಮೀ. ಆಗುತ್ತದೆ. ಇನ್ನೂ ಚಿಕ್ಕದಾದ ಎನ್ ಪ್ರಮಾಣದಲ್ಲಿ, ಅಂದರೆ 160ನೇ ಒಂದು ಭಾಗದಲ್ಲಿ, 40 ಮಿ.ಮೀ. ಕಲ್ಲು ಕಾಲು ಮಿಲಿಮೀಟರಿಗೆ ಇಳಿಯುತ್ತದೆ. ಅಮೆರಿಕದ ಒ ಪ್ರಮಾಣದಲ್ಲಿ, ಅಂದರೆ 48ನೇ ಒಂದು ಭಾಗದಲ್ಲಿ, ಅದೇ ಕಲ್ಲು 0.83 ಮಿ.ಮೀ. ಇರುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಪ್ರಮಾಣವನ್ನೇ ಹೊರತು ಹಳಿಗಳ ನಡುವಿನ ಅಂತರವನ್ನಲ್ಲ, ಏಕೆಂದರೆ ಎಚ್‌ಒ ರೈಲು ಓಡುವ 16.5 ಮಿ.ಮೀ. ಹಳಿಯ ಮೇಲೆಯೇ ಬ್ರಿಟನ್ನಿನವರು 76ನೇ ಒಂದು ಭಾಗದ ಒಒ ರೈಲುಗಳನ್ನೂ ಓಡಿಸುತ್ತಾರೆ.

ಲೆಕ್ಕ ಇಷ್ಟು ಸರಳವಾಗಿದ್ದರೂ ಬಹುಪಾಲು ಲೇಔಟುಗಳಲ್ಲಿ ಜಲ್ಲಿ ದಪ್ಪನಾಗಿಯೇ ಇರುತ್ತದೆ. ಅಂಗೈಯಲ್ಲಿ ಸುರಿದುಕೊಂಡಾಗ ಅರ್ಧ ಮಿಲಿಮೀಟರಿನ ಕಣ ಸಣ್ಣ ರವೆಯಂತೆ ಕಾಣುತ್ತದೆ, ಕಲ್ಲೆಂದು ಅನ್ನಿಸುವುದಿಲ್ಲ. ಕಲ್ಲು ಕಲ್ಲಾಗಿ ಕಾಣಬೇಕೆಂಬ ಆಸೆಯಿಂದ ಕೊಳ್ಳುವವನ ಕೈ ಮುಂದಿನ ಪೊಟ್ಟಣಕ್ಕೆ ಹೋಗುತ್ತದೆ. ಆದರೆ ಎಚ್‌ಒ ಲೇಔಟಿನ ಮೇಲೆ 1 ಮಿ.ಮೀ. ಕಣವೆಂದರೆ ನಿಜದಲ್ಲಿ ಎಂಟೂಮುಕ್ಕಾಲು ಸೆಂಟಿಮೀಟರಿನ ಕಲ್ಲು, 2 ಮಿ.ಮೀ. ಕಣವೆಂದರೆ ಹದಿನೇಳು ಸೆಂಟಿಮೀಟರಿನ ಗುಂಡು. ಅಂಥದ್ದನ್ನು ಯಾವ ಗ್ಯಾಂಗ್‌ಮನ್ನನೂ ಸ್ಲೀಪರಿನ ಅಡಿಗೆ ತುರುಕಲಾರ. ಕಣ ತುಸು ಸಣ್ಣದಾದರೆ ಮಾರ್ಗ ಹಳತಾಗಿ, ಧೂಳು ತುಂಬಿದಂತೆ ಕಾಣುತ್ತದೆ, ಅಂಥ ಮಾರ್ಗಗಳು ನಿಜದಲ್ಲಿಯೂ ಬೇಕಾದಷ್ಟಿವೆ. ತುಸು ದಪ್ಪನಾದರೆ ಮಾತ್ರ ಮೇಲೆ ಓಡುವ ದುಬಾರಿ ಎಂಜಿನ್ನು ಕೂಡ ಆಟಿಕೆಯಾಗಿಬಿಡುತ್ತದೆ. ಸಂದೇಹವಿದ್ದಲ್ಲಿ ಸಣ್ಣದರ ಕಡೆಗೆ ವಾಲುವುದೇ ಲೇಸು.

ಮಾರುಕಟ್ಟೆಯಲ್ಲಿ ಸಿಗುವ ಸಾಮಗ್ರಿಗಳಲ್ಲಿ ಎರಡು ಬಗೆಗಳು ಮುಖ್ಯ. ಅಮೆರಿಕದ ವುಡ್‌ಲ್ಯಾಂಡ್ ಸೀನಿಕ್ಸ್ ಕಂಪನಿಯ ಹೆಸರುವಾಸಿ ಜಲ್ಲಿ ಕಲ್ಲೇ ಅಲ್ಲ, ಪುಡಿಮಾಡಿ ಬಣ್ಣ ಹಾಕಿದ ಅಕ್ರೋಟಿನ ಚಿಪ್ಪು. ಅದು ಹಗುರ, ಬಣ್ಣ ಎಲ್ಲ ಪೊಟ್ಟಣಗಳಲ್ಲೂ ಏಕರೀತಿ, ಎಂಜಿನ್ನಿನ ಮೋಟಾರಿಗೆ ಅಪಾಯವಿಲ್ಲ. ಆದರೆ ಆ ಹಗುರತನವೇ ಅದರ ದೋಷವೂ ಹೌದು: ಅಂಟು ಹಾಕುವಾಗ ಕಣಗಳು ನೀರಿನ ಮೇಲೆ ತೇಲಿ ಜೋಡಣೆ ಕೆಡುತ್ತದೆ. ಎರಡನೆಯದು ನಿಜವಾದ ಕಲ್ಲನ್ನೇ ಪುಡಿಮಾಡಿ ಜರಡಿ ಹಿಡಿದದ್ದು. ಅಮೆರಿಕದ ಅರಿಜೋನಾ ರಾಕ್ ಅಂಡ್ ಮಿನರಲ್ ಕಂಪನಿ ಇದಕ್ಕೆ ಪ್ರಸಿದ್ಧ. ಕಲ್ಲಿನ ಪುಡಿ ಹಾಕಿದಲ್ಲಿಯೇ ಕೂರುತ್ತದೆ, ಅದರ ಮೂಲೆಗಳು ಚೂಪು, ಒಂದೇ ಹಿಡಿಯಲ್ಲಿ ಹಲವು ಛಾಯೆಗಳಿರುತ್ತವೆ. ಬಣ್ಣ ಹಾಕಿದ ಚಿಪ್ಪಿನಲ್ಲಿ ಈ ಛಾಯಾಭೇದ ಬೇಕಿದ್ದರೆ ಎರಡು ಮೂರು ಪೊಟ್ಟಣಗಳನ್ನು ಬೆರೆಸಿಯೇ ತರಬೇಕು.

ಕರ್ನಾಟಕದ ಹವ್ಯಾಸಿಗೆ ಮೂರನೆಯ ದಾರಿಯೊಂದಿದೆ. ಮನೆ ಕಟ್ಟುವ ಕಡೆಯಲ್ಲೆಲ್ಲ ರಾಶಿ ಬಿದ್ದಿರುವ ಎಂ-ಸ್ಯಾಂಡ್, ಅಂದರೆ ಹೊಳೆಮರಳಿನ ಬದಲಿಗೆ ಕ್ರಷರಿನಲ್ಲಿ ಗಟ್ಟಿ ಕಲ್ಲನ್ನು ಒಡೆದು ತಯಾರಿಸುವ ಮರಳು, ಹುಟ್ಟಿನಿಂದಲೇ ರೈಲ್ವೆ ಜಲ್ಲಿಯ ದಾಯಾದಿ. ಎರಡೂ ಒಂದೇ ಬಗೆಯ ಕಲ್ಲಿನಿಂದ ಒಂದೇ ಬಗೆಯ ಯಂತ್ರದಲ್ಲಿ ಒಡೆದವು. ಮರಳಿನ ಗುಣಮಟ್ಟವನ್ನು ಅಳೆಯಲು ಸಿವಿಲ್ ಎಂಜಿನಿಯರುಗಳು ಬಳಸುವ ಜರಡಿಗಳ ಸರಣಿಯಲ್ಲಿ 1.18 ಮಿ.ಮೀ., 600 ಮೈಕ್ರಾನ್, 300 ಮೈಕ್ರಾನ್, 150 ಮೈಕ್ರಾನ್ ಎಂಬ ಅಳತೆಗಳಿವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಈ ಜರಡಿಗಳು ಮಾದರಿ ರೈಲಿಗೆಂದು ಹುಟ್ಟಿದವಲ್ಲದಿದ್ದರೂ ಲೆಕ್ಕ ಸೊಗಸಾಗಿ ಹೊಂದುತ್ತದೆ: 600ರಿಂದ ಕೆಳಗೆ ಬಿದ್ದು 300ರ ಮೇಲೆ ಉಳಿದ ಕಣಗಳು ಎಚ್‌ಒ ಪ್ರಮಾಣದಲ್ಲಿ 52ರಿಂದ 26 ಮಿ.ಮೀ. ಕಲ್ಲಿಗೆ ಸಮ, 300ರಿಂದ ಬಿದ್ದು 150ರ ಮೇಲೆ ಉಳಿದವು ಎನ್ ಪ್ರಮಾಣದಲ್ಲಿ 48ರಿಂದ 24 ಮಿ.ಮೀ. ಕಲ್ಲಿಗೆ ಸಮ, 1.18 ಮಿ.ಮೀ. ಜರಡಿಯಿಂದ ಬಿದ್ದು 600ರ ಮೇಲೆ ಉಳಿದವು 48ನೇ ಒಂದು ಭಾಗದ ಒ ಪ್ರಮಾಣಕ್ಕೆ ಒಪ್ಪುತ್ತವೆ. ಒಂದು ಬುಟ್ಟಿ ಮರಳಿನಲ್ಲಿ ಮೂರು ಲೇಔಟುಗಳಿಗೆ ಸಾಲುವಷ್ಟು ಜಲ್ಲಿ ಇರುತ್ತದೆ.

ಹಾಗೆಂದು ಎಂ-ಸ್ಯಾಂಡನ್ನು ನೇರವಾಗಿ ಸುರಿಯುವಂತಿಲ್ಲ. ಅದರಲ್ಲಿರುವ ಹುಡಿ ಅಂಟಿನೊಡನೆ ಸೇರಿ ಕೆಸರಾಗುವುದರಿಂದ ನೀರು ತಿಳಿಯಾಗುವವರೆಗೆ ತೊಳೆದು ಒಣಗಿಸಬೇಕು. ಕಲ್ಲಿನ ಹುಡಿ ಶ್ವಾಸಕೋಶಕ್ಕೆ ಕೆಡುಕಾದ್ದರಿಂದ ಜರಡಿ ಹಿಡಿಯುವಾಗ ಮುಖಕ್ಕೆ ಮಾಸ್ಕ್ ಇರಬೇಕು. ಕಾಗೆಬಂಗಾರದ ಚೂರುಗಳಿದ್ದರೆ ಅವು ದೀಪದಡಿ ಥಳಥಳಿಸುತ್ತವೆ, 87 ಪಟ್ಟು ಹಿಗ್ಗಿಸಿ ನೋಡಿದರೆ ಹಳಿಯ ನಡುವೆ ಕನ್ನಡಿಯ ತುಂಡುಗಳನ್ನು ಎಸೆದಂತೆ. ತೆಳು ಹಾಳೆಯಂಥ ಈ ಚೂರುಗಳು ನೀರಿನಲ್ಲಿ ನಿಧಾನವಾಗಿ ಇಳಿಯುವುದರಿಂದ ತೊಳೆಯುವಾಗ ಕದಡಿ ಬಗ್ಗಿಸಿದರೆ ಬಹಳಷ್ಟು ಹೊರಟುಹೋಗುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಆಯಸ್ಕಾಂತದ ಪರೀಕ್ಷೆ. ಹಲವು ಶಿಲೆಗಳಲ್ಲಿ, ವಿಶೇಷವಾಗಿ ಕಪ್ಪು ಬಸಾಲ್ಟಿನಲ್ಲಿ, ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜವಿರುತ್ತದೆ. ಎಂಜಿನ್ನಿನ ಮೋಟಾರಿನಲ್ಲಿಯೂ ಸದ್ದು ಹೊರಡಿಸುವ ಸ್ಪೀಕರಿನಲ್ಲಿಯೂ ಆಯಸ್ಕಾಂತ ಇರುವುದರಿಂದ ಅಂಟದೆ ಉಳಿದ ಅಂಥ ಕಣಗಳು ಮೇಲಕ್ಕೆ ಸೆಳೆಯಲ್ಪಟ್ಟು ಯಂತ್ರವನ್ನು ಕೆಡಿಸುತ್ತವೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಆಯಸ್ಕಾಂತವನ್ನು ಒಣಗಿದ ಪುಡಿಯಲ್ಲಿ ಹಲವು ಸಲ ಆಡಿಸಿ, ಹಾಳೆಯೊಡನೆ ಅಂಟಿ ಬಂದದ್ದನ್ನು ಬಿಸಾಡಿದರೆ ಸಾಕು. ಕಡಲತೀರದ ಮರಳಂತೂ ಬೇಡವೇ ಬೇಡ: ಉರುಟು ಕಣ, ಚಿಪ್ಪಿನ ಚೂರು, ತೇವ ಹೀರಿ ಹಳಿಗೆ ತುಕ್ಕು ತರುವ ಉಪ್ಪು ಮೂರೂ ಅದರಲ್ಲಿವೆ.

ಗಾತ್ರದ ಪ್ರಶ್ನೆಯನ್ನು ಜರಡಿ ಬಗೆಹರಿಸಿದರೆ ಬಣ್ಣದ ಪ್ರಶ್ನೆಯನ್ನು ಭೂವಿಜ್ಞಾನ ಬಗೆಹರಿಸಬೇಕಾಗುತ್ತದೆ. ಜಲ್ಲಿ ಭಾರದ ವಸ್ತು, ದೂರ ಸಾಗಿಸಿದಷ್ಟೂ ಖರ್ಚು. ಆದ್ದರಿಂದ ರೈಲ್ವೆಗಳು ತಮ್ಮ ಮಾರ್ಗದ ಬಳಿಯ ಕಲ್ಲನ್ನೇ ಹಾಸಿದವು, ಮತ್ತು ಜಲ್ಲಿಯ ಬಣ್ಣ ಸೀಮೆಯ ಗುರುತಾಯಿತು. ಅಮೆರಿಕದ ಷಿಕಾಗೊ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆ ವಿಸ್ಕಾನ್ಸಿನ್ ರಾಜ್ಯದ ರಾಕ್ ಸ್ಪ್ರಿಂಗ್ಸ್ ಕ್ವಾರಿಯಿಂದ ತೆಗೆದ ಗುಲಾಬಿ ಛಾಯೆಯ ಕ್ವಾರ್ಟ್‌ಜೈಟ್ ಕಲ್ಲನ್ನು ತನ್ನ ಮಾರ್ಗಗಳಿಗೆ ಹಾಸಿತು, ರೈಲುಪ್ರಿಯರು ಅದಕ್ಕೆ ‘ಪಿಂಕ್ ಲೇಡಿ’ ಎಂದೇ ಹೆಸರಿಟ್ಟರು. 1995ರಲ್ಲಿ ಯೂನಿಯನ್ ಪೆಸಿಫಿಕ್ಕಿನಲ್ಲಿ ವಿಲೀನವಾದ ಆ ರೈಲ್ವೆಯನ್ನು ಬೂದು ಜಲ್ಲಿಯ ಮೇಲೆ ಮಾದರಿ ಮಾಡಿದರೆ ಎಂಜಿನ್ನಿನ ಬಣ್ಣ ಎಷ್ಟೇ ನಿಖರವಾಗಿರಲಿ, ಬಲ್ಲವರು ಒಪ್ಪುವುದಿಲ್ಲ. ಯೂನಿಯನ್ ಪೆಸಿಫಿಕ್ ತಾನೂ ವಯೋಮಿಂಗ್ ರಾಜ್ಯದ ಷರ್ಮನ್ ಬೆಟ್ಟದ ಕೆಂಬಣ್ಣದ ಗ್ರಾನೈಟನ್ನು ಬಳಸಿದ್ದುಂಟು. ಇಂಗ್ಲೆಂಡಿನಲ್ಲಿ ದಕ್ಷಿಣದ ಮಾರ್ಗಗಳಿಗೆ ಡೆವನ್ನಿನ ಮೆಲ್ಡನ್ ಕ್ವಾರಿ ಕಲ್ಲು ಒದಗಿಸಿತು. ಲೆಸ್ಟರ್‌ಷೈರಿನ ಮೌಂಟ್‌ಸೊರೆಲ್ ಗ್ರಾನೈಟಿನಲ್ಲಿ ಗುಲಾಬಿ ಛಾಯೆಯಿದೆ. ಕರ್ನಾಟಕದೊಳಗೂ ಈ ಭೇದ ಕಾಣಬರುತ್ತದೆ: ಬೆಂಗಳೂರು, ಮೈಸೂರು ಸೀಮೆಯ ನೆಲ ಗ್ರಾನೈಟ್ ಮತ್ತು ನೈಸ್ ಶಿಲೆಗಳದ್ದಾಗಿ ಅಲ್ಲಿನ ಕಲ್ಲು ತಿಳಿಬೂದು, ವಿಜಯಪುರ, ಕಲಬುರಗಿಗಳ ಕಡೆ ದಖ್ಖನ್ ಲಾವಾದ ಬಸಾಲ್ಟ್ ಹರಡಿರುವುದರಿಂದ ಅಲ್ಲಿನದು ಕಪ್ಪು.

ಕ್ವಾರಿಯಿಂದ ಬಂದ ಬಣ್ಣ ಹಳಿಯ ಕೆಳಗೆ ಹಾಗೆಯೇ ಉಳಿಯುವುದೂ ಇಲ್ಲ. ಎರಕದ ಕಬ್ಬಿಣದ ಬ್ರೇಕುಗಳು ಸವೆದು ಉದುರುವ ಪುಡಿ ತುಕ್ಕು ಹಿಡಿದು ಹಳಿಗಳ ಅಕ್ಕಪಕ್ಕದ ಜಲ್ಲಿಗೆ ಕಂದುಬಣ್ಣ ಕೊಡುತ್ತದೆ. ಗಾಡಿಗಳು ನಿತ್ಯ ನಿಲ್ಲುವ ಸಿಗ್ನಲ್ ಮತ್ತು ನಿಲ್ದಾಣಗಳ ಬಳಿ ಎಣ್ಣೆಯ ಕಲೆ ಇರುತ್ತದೆ. ಹಬೆ ಎಂಜಿನ್ನುಗಳ ಕಾಲದಲ್ಲಿ ಯಾರ್ಡುಗಳಿಗೂ ಸೈಡಿಂಗುಗಳಿಗೂ ಒಲೆಯ ಬೂದಿ ಮತ್ತು ಸುಟ್ಟ ಕಲ್ಲಿದ್ದಲ ಕಿಟ್ಟವನ್ನೇ ಹಾಸುತ್ತಿದ್ದರು, ಉಕ್ಕಿನ ಕಾರ್ಖಾನೆಗಳ ಬಳಿ ಕುಲುಮೆಯ ಕಿಟ್ಟವೂ ಜಲ್ಲಿಯಾಗಿ ಬಳಕೆಯಾಯಿತು. ಆದ್ದರಿಂದ ಒಂದೇ ನಿಲ್ದಾಣದೊಳಗೆ ಮುಖ್ಯ ಮಾರ್ಗಕ್ಕೆ ಒಡೆದ ಕಲ್ಲು, ಪಕ್ಕದ ಲೂಪಿಗೆ ಅದೇ ಕಲ್ಲಿನ ಹಳೆಯ ಕೊಳಕು ರೂಪ, ಗೂಡ್ಸ್ ಸೈಡಿಂಗಿಗೆ ಬೂದಿ ಬೆರೆತ ಮಣ್ಣು ಇರುವುದೇ ಸಹಜ. ಇಡೀ ಲೇಔಟಿಗೆ ಒಂದೇ ಪೊಟ್ಟಣ ಸುರಿಯುವುದು ಹವ್ಯಾಸಿಗಳಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು, ಮತ್ತು ಕಣ ದಪ್ಪನಾದುದಕ್ಕಿಂತ ಹೆಚ್ಚಾಗಿ ಇದೇ ದೃಶ್ಯವನ್ನು ಕೆಡಿಸುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಆಕಾರದಲ್ಲಿಯೂ ಇದೇ ವ್ಯತ್ಯಾಸ: ಮುಖ್ಯ ಮಾರ್ಗದಲ್ಲಿ ಸ್ಲೀಪರಿನ ತುದಿಯಿಂದ ಆಚೆಗೂ ಮೂವತ್ತೈದು ಸೆಂಟಿಮೀಟರಿನಷ್ಟು, ಎಚ್‌ಒ ಲೆಕ್ಕದಲ್ಲಿ 4 ಮಿ.ಮೀ., ಜಲ್ಲಿಯ ಹೆಗಲು ಇದ್ದು ಅಲ್ಲಿಂದ ಇಳಿಜಾರು ಶುರುವಾಗುತ್ತದೆ. ಯಾರ್ಡಿನಲ್ಲಿ ಹೆಗಲೇ ಇರದೆ ಎಲ್ಲವೂ ಸಮತಟ್ಟು.

ಹಾಸುವ ಕ್ರಮ ಸಂಕ್ಷಿಪ್ತ. ಹಳಿಗೂ ಸ್ಲೀಪರಿಗೂ ಬಣ್ಣ ಬಳಿದು ಒಣಗಿದ ಮೇಲೆ ಒಣ ಜಲ್ಲಿಯನ್ನು ಸುರಿದು, ಮೃದು ಬ್ರಷ್ಷಿನಿಂದ ಸ್ಲೀಪರಿನ ನೆತ್ತಿ ತೆರವಾಗುವಂತೆ ಸವರಿ, ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಬೆರೆಸಿದ ನೀರನ್ನು ಮಂಜಿನಂತೆ ಸಿಂಪಡಿಸಬೇಕು. ಸೋಪು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ ಆಮೇಲೆ ಹನಿಹನಿಯಾಗಿ ಬಿಡುವ ತೆಳು ಅಂಟು ಕಣಗಳ ಸಂದಿಗೆ ತಾನಾಗಿ ಇಳಿಯುತ್ತದೆ. ಮರಗೆಲಸದ ಬಿಳಿ ಅಂಟಿಗೆ ಸಮಪಾಲು ಅಥವಾ ಇನ್ನೂ ಹೆಚ್ಚು ನೀರು ಬೆರೆಸಿದರೆ ಈ ಕೆಲಸಕ್ಕೆ ಸಾಕು, ಆದರೆ ಒಣಗಿ ಕಲ್ಲಿನಂತಾಗುವ ಆ ಅಂಟು ಗಾಡಿಯ ಸದ್ದನ್ನು ಹಲಗೆಗೆ ದಾಟಿಸುತ್ತದೆ. ಸದ್ದು ಕಡಿಮೆ ಬೇಕೆನ್ನುವವರು ಒಣಗಿದ ಮೇಲೂ ಬಳುಕುವ ಲೇಟೆಕ್ಸ್ ಅಂಟನ್ನೋ, ಚಿತ್ರಕಾರರು ಬಳಸುವ ಹೊಳಪಿಲ್ಲದ ಅಕ್ರಿಲಿಕ್ ಮೀಡಿಯಮ್ಮನ್ನೋ ಬಳಸುತ್ತಾರೆ. ಪಾಯಿಂಟ್‌ಗಳಲ್ಲಿ, ಅಂದರೆ ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗದಲ್ಲಿ, ಚಲಿಸುವ ನಾಲಿಗೆಗೆ ಒಂದು ಕಣ ಸಿಕ್ಕಿಕೊಂಡರೂ ಗಾಡಿ ಹಳಿ ತಪ್ಪುವುದರಿಂದ ಅಲ್ಲಿ ಜಲ್ಲಿಯೂ ಅಂಟೂ ಮಿತವಾಗಿರಬೇಕು.

ಕಲ್ಲಿನ ಪುಡಿ ಅಂಟು ಕುಡಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ. ಆದ್ದರಿಂದ ಆರಿಸಿದ ಮಿಶ್ರಣವನ್ನು ಬೇರೊಂದು ತುಂಡು ಹಲಗೆಯ ಮೇಲಿನ ಗೇಣುದ್ದದ ಹಳಿಗೆ ಹಾಸಿ, ಪೂರ್ತಿ ಒಣಗಿಸಿ, ಲೇಔಟಿನ ಮೇಲೆ ಉರಿಯುವ ದೀಪದ ಬೆಳಕಿನಲ್ಲಿಯೇ, ನೋಡುಗರು ನಿಲ್ಲುವಷ್ಟೇ ದೂರದಿಂದ ನೋಡಿ ತೀರ್ಮಾನಿಸುವುದು ರೂಢಿ. ಹಾಗಿದ್ದೂ ತಪ್ಪಿದರೆ, ಬಿಳಿ ಅಂಟಿನಿಂದ ಹಾಸಿದ ಜಲ್ಲಿಗೆ ಬಿಸಿನೀರು ಚಿಮುಕಿಸಿ ಸ್ವಲ್ಪ ಹೊತ್ತು ನೆನೆಯಬಿಟ್ಟು ಕೆರೆದು ತೆಗೆಯಬಹುದು. ಅಕ್ರಿಲಿಕ್ ಮೀಡಿಯಮ್ಮಿಗೆ ಈ ಸೌಕರ್ಯವಿಲ್ಲ.