ಪ್ರತಿಭೆ ಬತ್ತಿತೆಂಬ ಭ್ರಾಂತಿ

ಕನ್ನಡ ಎಂ.ಎ. ಮುಗಿಸಿ ಕಾಲೇಜಿನಿಂದ ಹೊರಬಿದ್ದ ತರುಣ ಲೇಖಕರಲ್ಲಿ ಹಲವರು ಒಂದೆರಡು ವರ್ಷಗಳೊಳಗಾಗಿಯೇ ತಮ್ಮ ಲೇಖನಿ ನಿಂತುಹೋಯಿತೆಂದು ಕೊರಗುವುದುಂಟು. ವಿದ್ಯಾರ್ಥಿದೆಶೆಯಲ್ಲಿ ಕಥೆಯನ್ನೋ ಕವನವನ್ನೋ ಲೀಲಾಜಾಲವಾಗಿ ಬರೆಯುತ್ತಿದ್ದವರು ಈಗ ಬರಿಯ ಹಾಳೆಯ ಮುಂದೆ ಕುಳಿತು, ಇದ್ದ ಪ್ರತಿಭೆಯಷ್ಟೂ ತೀರಿತು, ಉಳಿದುದು ಪ್ರಮಾಣಪತ್ರವೊಂದೇ ಎಂಬ ತೀರ್ಮಾನಕ್ಕೆ ಬರುವರು. ಬಂಧುಮಿತ್ರರೂ ಹೌದೆಂದು ತಲೆದೂಗುವುದರಿಂದ ಆ ತೀರ್ಮಾನಕ್ಕೆ ಸತ್ಯದ ಮುದ್ರೆ ಬಿದ್ದುಬಿಡುತ್ತದೆ. ಆದರೆ ನಿಜವಾಗಿ ತೀರಿಹೋದುದು ಪ್ರತಿಭೆಯನ್ನು ದುಡಿಸುತ್ತಿದ್ದ ಒಂದು ಏರ್ಪಾಡು.

ಆ ಏರ್ಪಾಡು ಎಂತಹುದೆಂಬುದನ್ನು ಕೊಂಚ ನೆನೆದುಕೊಳ್ಳಬೇಕು. ಕನ್ನಡ ಸಂಘದ ಸೂಚನಾಫಲಕದಲ್ಲಿ ಕಥಾಸ್ಪರ್ಧೆಯ ಪ್ರಕಟಣೆ ಕಾಣಿಸಿಕೊಳ್ಳುವುದು. ಕೊನೆಯ ದಿನಾಂಕದ ಕೆಳಗೆ ಕೆಂಪು ಶಾಯಿಯ ಗೆರೆ. ಹಿಂದಿನ ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಮಲಗಿದ್ದ ಗೆಳೆಯನನ್ನು ಎಬ್ಬಿಸಿ, ಅರ್ಧ ಕಥೆಯನ್ನು ಓದಿ ಹೇಳಿ, ಅವನು ಆಕಳಿಸಿದ ಪುಟವನ್ನು ಹೊಡೆದುಹಾಕಿ, ಬೆಳಗಾಗುವುದರೊಳಗೆ ಶುದ್ಧಪ್ರತಿ ಸಿದ್ಧವಾಗುತ್ತಿತ್ತು. ಮುಂದೆ ಅಧ್ಯಾಪಕರ ಪೆನ್ಸಿಲು ಅದರ ಅಂಚಿನಲ್ಲಿ ಓಡಾಡುತ್ತಿತ್ತು. ಅವಧಿ, ಶ್ರೋತೃ, ಪರೀಕ್ಷಕ ಈ ಮೂರೂ ಬೇಡದೆಯೇ ಒದಗಿದ್ದವು. ಪದವಿಪ್ರದಾನದ ಮರುದಿನ ಮೂರೂ ಒಟ್ಟಿಗೆ ಇಲ್ಲವಾದವು. ಹೊಸಗನ್ನಡದ ಹಿರಿಯರು ಇದನ್ನು ಚೆನ್ನಾಗಿ ಅರಿತವರು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ ಹೊರಟಿತು; 1922ರಲ್ಲಿ ಧಾರವಾಡದಲ್ಲಿ ಬೇಂದ್ರೆಯವರು ಗೆಳೆಯರ ಗುಂಪನ್ನು ಕೂಡಿಸಿ, ಕಾಲೇಜಿನ ಹೊರಗೂ ಕೇಳುವ ಕಿವಿಗಳನ್ನು ಸಂಪಾದಿಸಿಕೊಂಡರು.

ಎರಡನೆಯ ಭ್ರಾಂತಿ ಸ್ಫೂರ್ತಿಯನ್ನು ಕುರಿತದ್ದು. ಅದು ಬಂದಾಗ ಬರೆಯಬೇಕು, ಬಾರದಿದ್ದರೆ ಕಾಯಬೇಕು ಎಂಬ ನಂಬಿಕೆಗೆ ನಮ್ಮವರು ಕುಮಾರವ್ಯಾಸನನ್ನೇ ಸಾಕ್ಷಿಗೆ ಕರೆಯುವರು. ಗದುಗಿನ ವೀರನಾರಾಯಣನ ಗುಡಿಯಲ್ಲಿ, ಮಿಂದ ಒದ್ದೆಬಟ್ಟೆಯಲ್ಲಿಯೇ ಆತನು ಕಂಬದ ಬಳಿ ಕುಳಿತುಕೊಳ್ಳುತ್ತಿದ್ದನೆಂದೂ ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಹೊಮ್ಮುತ್ತಿದ್ದಿತೆಂದೂ ಹೇಳುವ ಐತಿಹ್ಯ ಸರ್ವವಿದಿತ. ಐತಿಹ್ಯವು ಚರಿತ್ರೆಯಲ್ಲ, ನಿಜ. ಆದರೆ ಇದ್ದಂತೆಯೇ ಒಪ್ಪಿಕೊಂಡರೂ ಅದರಿಂದ ಹೊರಡುವ ಅರ್ಥ ಬೇರೆ. ನಿತ್ಯವೂ ಸ್ನಾನ, ನಿತ್ಯವೂ ಅದೇ ಕಂಬ, ನಿತ್ಯವೂ ಬಟ್ಟೆ ಆರುವಷ್ಟೇ ಹೊತ್ತು: ಸ್ಥಳವನ್ನೂ ಕಾಲವನ್ನೂ ನಿಯಮಿಸಿಕೊಂಡು ದುಡಿದವನ ದಿನಚರಿಯಲ್ಲದೆ ಇದು ಮತ್ತೇನು?

ಸಹಸ್ರ ವರ್ಷಗಳ ಹಿಂದೆಯೇ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರಿಯನ್ನು ವಿಧಿಸಿರುವುದನ್ನು ತರಗತಿಗಳಲ್ಲಿ ಓದಿಸಿದರೂ, ಅದನ್ನು ಬದುಕಿಗೆ ಅನ್ವಯಿಸಿ ನೋಡುವವರು ವಿರಳ. ಹಗಲನ್ನು ನಾಲ್ಕು ಪ್ರಹರಗಳಾಗಿ ವಿಭಜಿಸಿ, ಮೊದಲನೆಯದನ್ನು ವಿದ್ಯೆಗಳ ಅಭ್ಯಾಸಕ್ಕೆ, ಎರಡನೆಯದನ್ನು ರಚನೆಗೆ, ಊಟದ ಬಳಿಕ ಮೂರನೆಯದನ್ನು ಗೋಷ್ಠಿಗೆ, ನಾಲ್ಕನೆಯದನ್ನು ಪೂರ್ವಾಹ್ಣದಲ್ಲಿ ಬರೆದುದರ ಪರೀಕ್ಷೆಗೆ ಆತನು ಮೀಸಲಿಡುತ್ತಾನೆ. ರಸಾವೇಶದಲ್ಲಿ ಬರೆಯುವಾತನಿಗೆ ವಿವೇಚನೆಯ ದೃಷ್ಟಿ ಇರಲಾರದು, ಆದುದರಿಂದ ಪರೀಕ್ಷೆ ಹಿಂದಿನಿಂದ ಬರತಕ್ಕದ್ದು ಎಂಬುದು ಆತನ ಕಾರಣ. (ರಾತ್ರಿ ಚೆನ್ನಾಗಿ ನಿದ್ರಿಸಬೇಕೆಂಬುದೂ ಅದೇ ವಿಧಿಯಲ್ಲಿದೆ, ನಿದ್ದೆಗೆಡುವುದೇ ಕವಿತ್ವದ ಲಕ್ಷಣವೆಂದು ತಿಳಿದವರು ಗಮನಿಸಲಿ.)

ನೂತನ ಪದವೀಧರನ ಕಷ್ಟದ ಮೂಲ ಇಲ್ಲಿಯೇ ಇದೆಯೆಂದು ನನ್ನ ಮತ. ಎರಡು ವರ್ಷ ರಸ, ಧ್ವನಿ, ಔಚಿತ್ಯಗಳನ್ನು ಅಭ್ಯಸಿಸಿ, ಪಂಪನಿಂದ ಅಡಿಗರವರೆಗೆ ಎಲ್ಲರನ್ನೂ ವಿಮರ್ಶೆಯ ಒರೆಗಲ್ಲಿಗೆ ತಿಕ್ಕಿ ಬಂದ ಆತನು ನಾಲ್ಕನೆಯ ಪ್ರಹರವನ್ನು ಎರಡನೆಯದರಲ್ಲಿಯೇ ತಂದು ಕೂರಿಸುತ್ತಾನೆ. ಮೊದಲ ವಾಕ್ಯವನ್ನು ಬರೆದ ಕೂಡಲೇ ಅದರಲ್ಲಿ ಯಾರದೋ ಮಾರ್ದನಿ ಕೇಳಿ ಹೊಡೆದುಹಾಕುವನು; ಎರಡನೆಯದು ಭಾವುಕವೆನಿಸುವುದು, ಅದೂ ಹೋಯಿತು; ಮೂರನೆಯದನ್ನು ಬರೆಯುವ ಮೊದಲೇ ಅದರ ದೋಷ ಗೋಚರಿಸುವುದು. ಸಂಜೆಯ ಹೊತ್ತಿಗೆ ಹಾಳೆಯಲ್ಲಿ ಗೀಟುಗಳೇ ಉಳಿದಿರುತ್ತವೆ. ಪದವಿಗೆ ಮೊದಲು ಬರೆಹ ಸುಲಭವಾಗಿದ್ದುದಕ್ಕೆ ಆಗ ತಿಳಿವಳಿಕೆ ಕಡಮೆಯಾಗಿದ್ದುದೂ ಒಂದು ಕಾರಣ. ಇಂದಿನ ಅತೃಪ್ತಿ ಅಭಿರುಚಿ ಬೆಳೆದುದರ ಗುರುತೇ ಹೊರತು ಶಕ್ತಿ ಕುಗ್ಗಿದುದರದಲ್ಲ. ಇಟ್ಟ ಪದವನ್ನು ಅಳಿಸದ ಅಗ್ಗಳಿಕೆ ತನ್ನದೆಂದು ಕುಮಾರವ್ಯಾಸನು ಹೇಳಿಕೊಂಡಿರುವನಲ್ಲಾ ಎಂದು ಕೇಳುವವರುಂಟು. ಅದು ಸಿದ್ಧಕವಿಯ ಹೆಮ್ಮೆಯ ಮಾತು. ಹೊಸಬನು ಅದನ್ನು ವಿಧಿಯೆಂದು ಭಾವಿಸಿದರೆ ಮೊದಲ ಪದವನ್ನಿಡುವುದಕ್ಕೇ ಅಂಜುವನು. ಮಮ್ಮಟನಂತೂ ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರನ್ನೂ ಕೂಡಿಸಿ ಕಾವ್ಯಕ್ಕೆ ಒಂದೇ ಹೇತುವೆಂದು ಎಣಿಸಿದನು, ಶಕ್ತಿಯೊಂದೇ ಸಾಲದು.

ಉದ್ಯೋಗವು ಸಾಹಿತ್ಯದ ಶತ್ರುವೆಂಬ ನಂಬಿಕೆಯೂ ಬಲವಾದುದು. ಸೇವಾದಿಗಳಿಗೆ ಅಡ್ಡಿಬಾರದಂತೆ, ಸಿಕ್ಕಿದ ಬಿಡುವಿನಲ್ಲಿ ಬರೆಯುವವನನ್ನು ರಾಜಶೇಖರನು ‘ದತ್ತಾವಸರ’ನೆಂದು ಕರೆದು ಕವಿಗಳ ಪಂಕ್ತಿಯಲ್ಲಿಯೇ ಕೂರಿಸಿದ್ದಾನೆ. ಆ ಪಂಕ್ತಿಯಲ್ಲಿ ನಮ್ಮವರ ಅಗ್ರಸ್ಥಾನ ಮಾಸ್ತಿಯವರದು. 1914ರಲ್ಲಿ ಎಂ.ಎ. ಪದವಿ ಪಡೆದು ಮೈಸೂರು ಸರ್ಕಾರದ ಸೇವೆಗೆ ಸೇರಿದ ಅವರು 1920ರಲ್ಲಿ ‘ಕೆಲವು ಸಣ್ಣ ಕತೆಗಳು’ ಸಂಕಲನವನ್ನು ಹೊರತಂದರು. 1943ರಲ್ಲಿ ಅಧಿಕಾರವನ್ನು ಬಿಡುವವರೆಗೂ ಕಡತಗಳ ನಡುವೆಯೇ ‘ಸುಬ್ಬಣ್ಣ’ನಂತಹ ಕೃತಿಗಳನ್ನು ಕನ್ನಡಕ್ಕೆ ಕೊಟ್ಟರು. ಉದ್ಯೋಗವು ಹೊತ್ತನ್ನು ಕಿತ್ತುಕೊಳ್ಳುವುದು ಸುಳ್ಳಲ್ಲ. ಆದರೆ ನೌಕರಿಯ ಊರೂರುಗಳಲ್ಲಿ ಕಾಣಸಿಗುವ ಜನರು ತರಗತಿಯಲ್ಲಿ ಕಾಣಸಿಗುವವರಲ್ಲ.

ಹೇಳಬೇಕಾದುದನ್ನೆಲ್ಲ ಹಿಂದಿನವರೇ ಹೇಳಿ ಮುಗಿಸಿದರೆಂಬ ಅಳಲು ಹೊಸದೇನೂ ಅಲ್ಲ. ರಾಮಾಯಣದ ಕವಿಗಳ ಭಾರದಿಂದ ಆದಿಶೇಷನೇ ತಿಣುಕಿದನೆಂದು ಕುಮಾರವ್ಯಾಸನು ಪರಿಹಾಸ್ಯ ಮಾಡಿದ ಶತಮಾನಗಳ ನಂತರ ಕುವೆಂಪು ಅದೇ ರಾಮಾಯಣವನ್ನು ಕೈಗೆತ್ತಿಕೊಂಡರು. ‘ಶ್ರೀ ರಾಮಾಯಣ ದರ್ಶನಂ’ 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಇನ್ನು, ಸ್ವಂತದ್ದು ಹೊಳೆಯದಾಗ ಅನುವಾದಕ್ಕೆ ಕೈಹಾಕುವುದು ಸೋಲಿನ ಒಪ್ಪಿಗೆಯೆಂಬ ಮಾತಿಗೆ, 1926ರ ‘ಇಂಗ್ಲಿಷ್ ಗೀತಗಳು’ ಕನ್ನಡ ಛಂದಸ್ಸಿಗೆ ಏನು ಮಾಡಿತೆಂಬುದೇ ಉತ್ತರವಾಗಿದೆ.

ಎಲ್ಲ ಮೌನವೂ ಒಂದೇ ಬಗೆಯದಲ್ಲ. ಊಟ ನಿದ್ರೆಗಳೂ ಸೇರದೆ, ಬರೆಹವಿರಲಿ, ಮಾತೇ ಬೇಡವಾದವರು ಹೋಗಬೇಕಾದುದು ವೈದ್ಯರ ಬಳಿಗೆ. ಉಳಿದವರಲ್ಲಿ ನನ್ನದೊಂದು ವಿಜ್ಞಾಪನೆ: ನಿಮ್ಮ ಊರಿನಲ್ಲಿ ಓದುವ ಹವ್ಯಾಸವುಳ್ಳ ಇಬ್ಬರನ್ನಾದರೂ ಹುಡುಕಿಕೊಳ್ಳಿರಿ, ತಿಂಗಳಿಗೊಂದು ಭಾನುವಾರವನ್ನು ಗೊತ್ತುಮಾಡಿ, ಅಂದು ಪ್ರತಿಯೊಬ್ಬರ ಕೈಯಲ್ಲಿಯೂ ನಾಲ್ಕು ಪುಟಗಳಿರತಕ್ಕದ್ದೆಂದು ಕರಾರು ಮಾಡಿಕೊಳ್ಳಿರಿ, ಪುಟಗಳು ಕೆಟ್ಟದಾಗಿ ಬಂದಿದ್ದರೂ ತಪ್ಪದೆ ತನ್ನಿರಿ.