ಬರೆದು, ಚಿತ್ರಿಸಿ, ಅಚ್ಚೂ ಹಾಕಿದವರ ಊರು

ಮಕ್ಕಳಿಗಾಗಿ ಬರೆಯಬೇಕು, ಚಿತ್ರವನ್ನೂ ತಾನೇ ಬಿಡಿಸಬೇಕು ಎಂಬ ಆಸೆ ಇರುವವರು ಬೆಂಗಳೂರಿನ ಕೋರ್ಸುಗಳನ್ನು ಹುಡುಕುವ ಮೊದಲು ಪುತ್ತೂರಿನ ಪರ್ಲಡ್ಕಕ್ಕೆ ಒಮ್ಮೆ ಹೋಗಿ ಬರುವುದು ಒಳ್ಳೆಯದು. ಶಿವರಾಮ ಕಾರಂತರ ‘ಬಾಲವನ’ ಇರುವುದು ಅಲ್ಲಿ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು ಬದುಕಿನ ಸುಮಾರು 40 ವರ್ಷ ಕಳೆದದ್ದು ಪುತ್ತೂರಿನಲ್ಲಿ.

ಕಾದಂಬರಿಯ ಕಾರಂತರು, ಯಕ್ಷಗಾನದ ಕಾರಂತರು ಎಲ್ಲರಿಗೂ ಗೊತ್ತು. ಮಕ್ಕಳ ಕಾರಂತರು ಹಿಂದೆ ಉಳಿದುಬಿಟ್ಟಿದ್ದಾರೆ. ಅವರು ಮಕ್ಕಳ ಸಾಹಿತಿಯಾಗುತ್ತೇನೆಂದು ಹೊರಟವರಲ್ಲ. ಬಾಲವನದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕುಣಿಸಿದರು, ನಾಟಕ ಆಡಿಸಿದರು, ಬೆತ್ತ ಮತ್ತು ಬಾಯಿಪಾಠದ ಹಂಗಿಲ್ಲದೆ ಕಲಿಸಬಹುದೇ ಎಂದು ಪರೀಕ್ಷಿಸಿ ನೋಡಿದರು. ಕಲಿಸಲು ಹೊರಟಾಗ ಓದಲು ಕೊಡುವ ಪುಸ್ತಕವೇ ಇಲ್ಲ! ಹಾಗಾಗಿ ತಾವೇ ಬರೆದರು. 1930ರ ದಶಕದಲ್ಲೇ ಬಂದ ‘ಬಾಲ ಪ್ರಪಂಚ’ ಮೂರು ಸಂಪುಟಗಳ ಸಚಿತ್ರ ವಿಶ್ವಕೋಶ. ಬೇರೆಡೆ ಒಂದು ಮಂಡಳಿಯೇ ಕೂತು ಮಾಡುವ ಕೆಲಸವನ್ನು ತಾಲ್ಲೂಕು ಕೇಂದ್ರದಲ್ಲಿ ಕೂತ ಒಬ್ಬ ಮನುಷ್ಯ ಮಾಡಿ ಮುಗಿಸಿದ. ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವೂ ಬಂತು. ನಡುನಡುವೆ ‘ಓದುವ ಆಟ’, ‘ಢಂಢಂ ಢೋಲು’, ‘ಮಂಗನ ಮದುವೆ’ಯಂಥ ಪುಟ್ಟ ಪುಸ್ತಕಗಳು.

ಕಾರಂತರು ಕುಂಚವನ್ನೂ ಹಿಡಿದವರು, ಕ್ಯಾಮೆರಾವನ್ನೂ ಹಿಡಿದವರು. ಅಷ್ಟಕ್ಕೇ ನಿಲ್ಲದೆ ಮುದ್ರಣಕ್ಕೂ ಕೈಹಾಕಿ, ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿ, ಕೈ ಸುಟ್ಟುಕೊಂಡರು. ನಷ್ಟ ನಷ್ಟವೇ. ಆದರೆ ಪುಟದಲ್ಲಿ ಅಕ್ಷರ ಎಲ್ಲಿ ನಿಲ್ಲಬೇಕು, ಚಿತ್ರಕ್ಕೆ ಎಷ್ಟು ಜಾಗ ಬಿಡಬೇಕು ಎಂಬ ತಿಳಿವಳಿಕೆ ಅಚ್ಚಿನ ಮನೆಯಲ್ಲಿ ಬಂದಷ್ಟು ಬೇರೆಲ್ಲೂ ಬಾರದು. ಇಂದಿಗೂ ಚಿತ್ರಪುಸ್ತಕಕ್ಕೆ 16, 24, 32 ಎಂದು ಪುಟಗಳನ್ನು ಎಣಿಸುವುದು ದೊಡ್ಡ ಹಾಳೆಯನ್ನು ಮಡಚುವ ಲೆಕ್ಕದಿಂದಲೇ. ಬರೆಯುವವರು ಮೊದಲು ಕಲಿಯಬೇಕಾದ ಲೆಕ್ಕ ಇದು. ಹೆಚ್ಚಿನವರು ಕಡೆಗೆ ಕಲಿಯುತ್ತಾರೆ.

ಪುತ್ತೂರಿನ ಪಾಲು ಕಾರಂತರೊಂದಿಗೆ ಮುಗಿಯಲಿಲ್ಲ. ಇದೇ ಪುತ್ತೂರಿನ ಬೊಳುವಾರಿನವರಾದ ಬೊಳುವಾರು ಮಹಮದ್ ಕುಂಞಿ ಮಕ್ಕಳ ಪದ್ಯಗಳನ್ನು ಹುಡುಕಿ ತೆಗೆದು ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಸಂಕಲನ ಮಾಡಿದರು. ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರ ಆರಂಭಿಸಿದ 2010ರಲ್ಲೇ ಕನ್ನಡದ ಪ್ರಶಸ್ತಿ ಬಂದದ್ದು ಇವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ. ಅದನ್ನು ಆಧರಿಸಿ ಪಿ. ಶೇಷಾದ್ರಿ ‘ಮೋಹನದಾಸ’ ಸಿನಿಮಾ ಮಾಡಿದರು. ಬ್ಯಾಂಕ್ ನೌಕರಿಯ ನಡುವೆ ಬರವಣಿಗೆ ನಡೆಸಿದವರು ಬೊಳುವಾರು. ಪೂರ್ತಿ ಹೊತ್ತು ಸಿಕ್ಕಮೇಲೆ ಬರೆಯುತ್ತೇನೆ ಎನ್ನುವವರು ಇದನ್ನು ಗಮನಿಸಬೇಕು.

ಪುತ್ತೂರಿನ ಪಕ್ಕದ ಸುಳ್ಯ, ಕಡಬಗಳ ಕಡೆ ಹೋದರೆ ಬರೆಯಲು, ಬಿಡಿಸಲು ವಸ್ತುವಿಗೆ ಬರವಿಲ್ಲ. ಕುಮಾರಪರ್ವತದ ತಪ್ಪಲನ್ನು ಕಾರಂತರು ದೊಡ್ಡವರಿಗಾಗಿ ‘ಬೆಟ್ಟದ ಜೀವ’ ಕಾದಂಬರಿಯಲ್ಲಿ ತಂದರು. ಆದರೆ ಅಡಿಕೆ ತೋಟದ ಮಂಗ, ಕುಮಾರಧಾರೆಯ ಮೀನು, ಮಳೆಗಾಲದ ಉಂಬುಳ ಮಕ್ಕಳ ಚಿತ್ರಪುಸ್ತಕಕ್ಕೆ ಇನ್ನೂ ಕಾಯುತ್ತಿವೆ. ಸುಳ್ಯದಲ್ಲಿ ಜೀವನ್‌ರಾಂ ಸುಳ್ಯ ಅವರ ‘ರಂಗಮನೆ’ ಮಕ್ಕಳ ನಾಟಕ, ಶಿಬಿರಗಳಿಗೆ ಹೆಸರಾಗಿದೆ. ಮಕ್ಕಳು ಹೇಗೆ ಮಾತಾಡುತ್ತಾರೆ, ಯಾವುದಕ್ಕೆ ನಗುತ್ತಾರೆ ಎಂದು ತಿಳಿಯಲು ಅಂಥ ಜಾಗದ ಮೂಲೆಯಲ್ಲಿ ಕೂರುವುದೇ ಪಾಠ.

ಈಗ ಸ್ವಂತ ಪ್ರೆಸ್ ಇಟ್ಟು ಕೈ ಸುಟ್ಟುಕೊಳ್ಳಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಪುಕ್ಕಟೆ ಓದಬಹುದು, ತಾವೇ ಕಥೆ ಹೆಣೆದು ಹಾಕಲೂಬಹುದು. ಬರೆದುದನ್ನು ಅಲ್ಲಿಗೆ ಏರಿಸುವ ಮೊದಲು ಹತ್ತಿರದ ಶಾಲೆಯ ಎರಡನೇ ತರಗತಿಗೆ ಹೋಗಿ ಓದಿ ಹೇಳಿ. ಮಕ್ಕಳು ಕಿಟಕಿಯಾಚೆ ನೋಡತೊಡಗಿದ ಪುಟವನ್ನು ಗುರುತು ಹಾಕಿಕೊಂಡು, ಮನೆಗೆ ಬಂದು ಅದನ್ನು ತಿದ್ದಿ.