ಉತ್ತರ ಕೇಳದ ಹಣ

ಹೈದರಾಬಾದಿನ ಬೇಗಂ ಬಜಾರಿನ ಹೆಸರಿನಲ್ಲೇ ಒಂದು ದಾನವಿದೆ. ಎರಡನೆಯ ನಿಜಾಮನ ಬೇಗಂ ವರ್ತಕರಿಗೆ ಬಿಟ್ಟುಕೊಟ್ಟ ನೆಲವೇ ಈ ಬಜಾರು ಎನ್ನುತ್ತಾರೆ. ಒಣಹಣ್ಣು, ಮಸಾಲೆ, ಪಾತ್ರೆಗಳ ಸಗಟು ಮಳಿಗೆಗಳ ಇಕ್ಕಟ್ಟು ದಾಟಿದರೆ ಅಫ್ಜಲ್‌ಗಂಜ್, ಮೂಸಿ ದಂಡೆಯ ಉಸ್ಮಾನಿಯಾ ಆಸ್ಪತ್ರೆ. ವೈದ್ಯಕೀಯ ಸಂಶೋಧನೆಗೆ ಕೊಟ್ಟ ಹಣ ಎಲ್ಲಿ ಎಡವುತ್ತದೆ, ಎಲ್ಲಿ ಫಲ ಕೊಡುತ್ತದೆ ಎಂಬುದಕ್ಕೆ ಎರಡೂ ಉದಾಹರಣೆಗಳು ಈ ಊರಿನಲ್ಲೇ ಸಿಗುತ್ತವೆ.

ಮೊದಲನೆಯದು ಕ್ಲೋರೋಫಾರ್ಮಿನ ಕಥೆ. ಈ ಅರಿವಳಿಕೆಯಿಂದ ರೋಗಿ ಸತ್ತರೆ ಮೊದಲು ನಿಲ್ಲುವುದು ಉಸಿರೋ, ಹೃದಯವೋ? ಉಸಿರಾಟ ನೋಡಿಕೊಂಡರೆ ಸಾಕು ಎಂಬುದು ಇಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿಯ ನಂಬಿಕೆ. ಎಡಿನ್‌ಬರೋದ ಗುರುವಿನಿಂದ ಬಂದದ್ದು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಶ್ರಯದಲ್ಲಿ 1888 ಮತ್ತು 1889ರಲ್ಲಿ ಎರಡು ಆಯೋಗಗಳು ನಡೆದವು. ಎರಡನೆಯದಕ್ಕೆ ನಿಜಾಮರು 1,000 ಪೌಂಡ್ ಕೊಟ್ಟರು, ಲಂಡನ್ನಿನಿಂದ ವೈದ್ಯ ಲಾಡರ್ ಬ್ರಂಟನ್ ಬಂದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗವಾಗಿ, ಲಾರಿಯ ಮಾತೇ ಸರಿ ಎಂಬ ವರದಿ ಬಂತು. ಆದರೆ ಹಗುರವಾದ ಅರಿವಳಿಕೆಯಲ್ಲೂ ಹೃದಯ ತಾಳತಪ್ಪಿ ಸಾವು ಬರಬಲ್ಲದೆಂದು 1911ರಲ್ಲಿ ಸಂಶೋಧಕ ಗುಡ್‌ಮನ್ ಲೆವಿ ತೋರಿಸಿದರು. ದಾನದಲ್ಲಿ ಕಪಟವಿರಲಿಲ್ಲ, ಕೆಲಸದಲ್ಲಿ ಸೋಮಾರಿತನವೂ ಇರಲಿಲ್ಲ. ಆದರೆ ಹಣ ಬರುವ ಮೊದಲೇ ಉತ್ತರ ಬಂದು ಕೂತಿತ್ತು.

ಉಯಿಲಿನ ಹಣಕ್ಕೆ ಈ ಕಾಟ ಕಡಿಮೆ. ಔಷಧ ವ್ಯಾಪಾರಿ ಹೆನ್ರಿ ವೆಲ್ಕಮ್ 1936ರಲ್ಲಿ ತೀರಿಕೊಂಡಾಗ, ಉಯಿಲಿನಂತೆ ಕಂಪನಿಯ ಷೇರುಗಳು ಟ್ರಸ್ಟಿಗಳ ವಶಕ್ಕೆ ಬಂದವು. ಆದಾಯ ವೈದ್ಯಕೀಯ ಸಂಶೋಧನೆಗೆ ಮೀಸಲಾಯಿತು. ಡಿಎನ್‌ಎ ರಚನೆ ಗೊತ್ತಾದದ್ದು 1953ರಲ್ಲಿ. ಅದನ್ನು ಕನಸಿನಲ್ಲೂ ಕಾಣದವನ ದುಡ್ಡು ಮುಂದೆ ಮಾನವ ಜೀನೋಮಿನ ಸುಮಾರು ಮೂರನೆಯ ಒಂದು ಭಾಗವನ್ನು ಓದಿಸಿತು. ಅದೇ ವೆಲ್ಕಮ್ ಟ್ರಸ್ಟ್ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೊಡನೆ 2008ರಲ್ಲಿ ಕಟ್ಟಿದ ‘ಇಂಡಿಯಾ ಅಲಯನ್ಸ್’ನ ಕಚೇರಿ ಇರುವುದು ಹೈದರಾಬಾದಿನಲ್ಲೇ. ಅದರ ಫೆಲೋಶಿಪ್ ಪಡೆದವರು ಬೆಂಗಳೂರಿನ ಪ್ರಯೋಗಾಲಯಗಳಲ್ಲೂ ಇದ್ದಾರೆ. ‘ನನ್ನ ಪ್ರಶ್ನೆಗೆ ಏನಾಯಿತು?’ ಎಂದು ಬಾಗಿಲು ತಟ್ಟುವ ದಾನಿ ಅವರಿಗಿಲ್ಲ.

ಮಕ್ಕಳ ಪಾಲನ್ನು ಕಿತ್ತು ಕೊಡುವುದು ಯಾವ ಧರ್ಮ ಎಂಬ ಆಕ್ಷೇಪ ಹಳೆಯದು. ನೊಬೆಲ್ 1895ರಲ್ಲಿ ಬರೆದ ಉಯಿಲಿಗೂ ಬಂಧುಗಳು ತಕರಾರು ತೆಗೆದಿದ್ದರು. ಇದಕ್ಕೆ ಮುಸ್ಲಿಂ ಕಾನೂನಿನಲ್ಲೇ ಒಂದು ಹದವಿದೆ: ವಾರಸುದಾರರು ಒಪ್ಪದಿದ್ದರೆ ಉಯಿಲು ಆಸ್ತಿಯ ಮೂರನೆಯ ಒಂದು ಭಾಗವನ್ನು ಮೀರುವಂತಿಲ್ಲ. ಕಾನೂನು ಕಟ್ಟುಪಾಡಿಲ್ಲದವರಿಗೂ ಇದು ಒಳ್ಳೆಯ ಅಳತೆ. ಹಾಸಿಗೆ, ಔಷಧಿಗೇ ಹಣವಿಲ್ಲದಾಗ ಸಂಶೋಧನೆ ಏಕೆ ಎಂಬ ಎರಡನೆಯ ಪ್ರಶ್ನೆ ಇನ್ನೂ ಗಟ್ಟಿ. ಹಾಸಿಗೆಯ ಕೊರತೆ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಸರ್ಕಾರವನ್ನೂ ಬದುಕಿರುವ ದಾನಿಗಳನ್ನೂ ಕೇಳಬಹುದು. ಹತ್ತು ವರ್ಷ ಕಾದು, ಕೊನೆಗೆ ‘ಇದಲ್ಲ’ ಎಂಬ ಉತ್ತರವೂ ಬರಬಹುದಾದ ಕೆಲಸಕ್ಕೆ ತಾಳ್ಮೆಯ ಹಣವೇ ಬೇಕು. ಸತ್ತವರ ಕೈ ಇನ್ನೂ ಬಿಗಿ, ಉಯಿಲನ್ನು ತಿದ್ದುವವರಾರು ಎಂಬ ಮೂರನೆಯ ಆಕ್ಷೇಪ ನಿಜವೇ. ಉದ್ದೇಶ ಅಸಾಧ್ಯವಾದಾಗ ನ್ಯಾಯಾಲಯ ಅದಕ್ಕೆ ಅತಿ ಹತ್ತಿರದ ಉದ್ದೇಶಕ್ಕೆ ಹಣ ತಿರುಗಿಸಬಹುದು. ಆದರೆ ಅಲ್ಲಿಗೆ ಮುಟ್ಟಲು ವರ್ಷಗಳೇ ಬೇಕು.

ಹಾಗಾಗಿ ಕಸುಬೆಲ್ಲ ಇರುವುದು ಬರೆಯುವ ಒಂದು ಸಾಲಿನಲ್ಲಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಬರೆಯುವ ಸಾಮಾನ್ಯ ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ‘ಸಕ್ಕರೆ ಕಾಯಿಲೆಗೆ ಇಂಥ ಬೇರಿನಿಂದ ಮದ್ದು ತೆಗೆಯಲು’ ಎಂದು ಬರೆದರೆ ಲಾರಿಯ ಗುರು ಮತ್ತೆ ಒಳಗೆ ಬಂದಂತೆ. ‘ಸಕ್ಕರೆ ಕಾಯಿಲೆಯ ಸಂಶೋಧನೆಗೆ, ವಿಷಯವನ್ನು ತಜ್ಞರು ಆರಿಸಲಿ, ಲೆಕ್ಕವನ್ನು ಪ್ರತಿವರ್ಷ ಪ್ರಕಟಿಸಲಿ’ ಎಂದು ಬರೆದರೆ, ದಾನಿ ಊಹಿಸದ ಪ್ರಶ್ನೆಗೂ ಆ ದುಡ್ಡು ಒದಗುತ್ತದೆ. ವರ್ತಕರಿಗೆ ನೆಲ ಬಿಟ್ಟುಕೊಟ್ಟ ಬೇಗಂ ಕೂಡ ಅಲ್ಲಿ ಯಾವ ಅಂಗಡಿ ಎಲ್ಲಿರಬೇಕೆಂದು ಗೆರೆ ಎಳೆದಂತಿಲ್ಲ.